ಸಾಕುಪ್ರಾಣಿಗಳ ಅಂಗಡಿಯ ವಾಸನೆ: ಎಷ್ಟು ಒರೆಸಿದರೂ ಏಕೆ ಹೋಗುತ್ತಿಲ್ಲ?

ಪ್ರಶ್ನೆ: ಡಾಕ್ಟರೇ, ಶಿವಮೊಗ್ಗದಲ್ಲಿ ನನ್ನದೊಂದು ಪೆಟ್ ಅಂಗಡಿ ಇದೆ. ಹತ್ತು ಅಡಿ ಅಗಲ, ಇಪ್ಪತ್ತೆರಡು ಅಡಿ ಉದ್ದದ ಮಳಿಗೆ. ಮುಂದಿನ ಶಟರ್ ಬಿಟ್ಟರೆ ಗಾಳಿಗೆ ಬೇರೆ ದಾರಿಯಿಲ್ಲ. ಲವ್ ಬರ್ಡ್ಸ್, ಫಿಂಚ್, ಕಾಕಟೀಲ್ ಸೇರಿ ನಲವತ್ತರಷ್ಟು ಹಕ್ಕಿಗಳು, ಮೊಲ, ಹ್ಯಾಮ್‌ಸ್ಟರ್, ಬಿಳಿ ಇಲಿ, ಒಂದು ಜೋಡಿ ಪರ್ಷಿಯನ್ ಬೆಕ್ಕು, ಮೀನಿನ ತೊಟ್ಟಿಗಳು, ಆಗಾಗ ನಾಯಿಮರಿಗಳು ಇರುತ್ತವೆ. ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸುತ್ತೇವೆ, ಊದುಬತ್ತಿ ಹಚ್ಚುತ್ತೇವೆ, ಮೂಲೆಗಳಲ್ಲಿ ನುಸಿಗುಳಿಗೆ ಇಟ್ಟಿದ್ದೇವೆ. ಎ.ಸಿ. ಕೂಡ ಹಾಕಿಸಿದೆ. ಆದರೂ ಪಕ್ಕದ ಬೇಕರಿಯವರು ದಿನವೂ ಜಗಳಕ್ಕೆ ಬರುತ್ತಾರೆ, ಪಾಲಿಕೆಗೆ ದೂರು ಕೊಡುತ್ತೇವೆ ಎನ್ನುತ್ತಿದ್ದಾರೆ. ಮಳೆಗಾಲದಲ್ಲಂತೂ ಗ್ರಾಹಕರು ಮೂಗು ಮುಚ್ಚಿಕೊಂಡೇ ಒಳಗೆ ಬರುತ್ತಾರೆ. ನನಗೆ ಮಾತ್ರ ಅಷ್ಟೇನೂ ವಾಸನೆ ಗೊತ್ತಾಗುವುದಿಲ್ಲ. ಒಂದು ಕಾಕಟೀಲ್ ಒಂದು ವಾರದಿಂದ ಸೀನುತ್ತಿದೆ, ಅದು ಬೇರೆ ವಿಷಯ. ಪರಿಚಯದವರೊಬ್ಬರು ಓಝೋನ್ ಯಂತ್ರ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಹಾಕಿ ತೊಳೆಯಿರಿ ಎನ್ನುತ್ತಾರೆ. ಪ್ರಾಣಿಗಳಿಗೆ ತೊಂದರೆಯಾಗದ ಒಳ್ಳೆಯ ಸುಗಂಧ ಯಾವುದು? ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಬೇಕರಿಯವರನ್ನು ಸಮಾಧಾನಪಡಿಸುವ ದಾರಿ. ಆದರೆ ಪತ್ರದ ನಡುವೆ ಸುಮ್ಮನೆ ಬಂದು ಹೋಗುವ ಎರಡು ಮಾತುಗಳು ನನಗೆ ಅದಕ್ಕಿಂತ ಮುಖ್ಯವಾಗಿ ಕಂಡವು: ನಿಮಗೆ ವಾಸನೆ ಅಷ್ಟಾಗಿ ಗೊತ್ತಾಗುವುದಿಲ್ಲ ಎನ್ನುವುದು, ಮತ್ತು ಕಾಕಟೀಲ್ ಸೀನುತ್ತಿದೆ ಎನ್ನುವುದು. ಎರಡನೆಯದು ಬೇರೆ ವಿಷಯವಲ್ಲ, ಬಹುಶಃ ಇದೇ ವಿಷಯ.

ಮೂಗಿನ ಮಾತು ಮೊದಲು. ಒಂದೇ ವಾಸನೆಯ ನಡುವೆ ಕುಳಿತರೆ ಕೆಲವೇ ನಿಮಿಷಗಳಲ್ಲಿ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ದಿನವಿಡೀ ಒಳಗಿರುವವರ ಮೂಗಿನ ಸಾಕ್ಷ್ಯ ನಡೆಯುವುದಿಲ್ಲ; ಕೋಳಿ ಫಾರಂಗಳಲ್ಲಿ ಓಡಾಡುವ ನಮ್ಮಂಥ ಪಶುವೈದ್ಯರ ಮೂಗೂ ಅಷ್ಟೇ. ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಎಳೆದುಕೊಳ್ಳುವ ಮೊದಲ ಉಸಿರು ನಿಜ ಹೇಳುತ್ತದೆ. ಅದಕ್ಕಿಂತ ನಂಬಿಕಸ್ಥ ಸಾಧನ ಬೇಕಿದ್ದರೆ ಶಾಲಾ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಪಿಎಚ್ ಕಾಗದ ಸಿಗುತ್ತದೆ. ಅದರ ಒಂದು ಪಟ್ಟಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಮೊಲದ ಪಂಜರದೊಳಗೆ ತಳಕ್ಕೆ ಹಾಸಿದ ಹೊಟ್ಟಿನಿಂದ ಎರಡು ಮೂರು ಅಂಗುಲ ಮೇಲೆ ಅರ್ಧ ನಿಮಿಷ ಹಿಡಿಯಿರಿ. ಬಣ್ಣ ಕ್ಷಾರದ ಕಡೆಗೆ, ಅಂದರೆ ಹಸಿರು ಅಥವಾ ನೀಲಿಗೆ ತಿರುಗಿದರೆ ಅಲ್ಲಿ ಅಮೋನಿಯ, ಅಂದರೆ ಮೂತ್ರ ಕೊಳೆತಾಗ ಏಳುವ ಘಾಟಿನ ಅನಿಲ, ಇದೆ ಎಂದರ್ಥ. ಕೋಳಿ ಸಾಕುವವರು ಬಳಸುವ ಅಮೋನಿಯ ಪಟ್ಟಿಯೂ ಇದೇ ತತ್ತ್ವದ್ದು.

ಎರಡು ಮೂರು ಅಂಗುಲ ಎಂದು ಹೇಳಲು ಕಾರಣವಿದೆ. ನೀವು ಉಸಿರಾಡುವುದು ನೆಲದಿಂದ ಐದು ಅಡಿ ಎತ್ತರದಲ್ಲಿ. ಮೊಲ ಮತ್ತು ಇಲಿಯ ಮೂಗು ಇರುವುದು ಒದ್ದೆ ಹೊಟ್ಟಿನ ಪಕ್ಕದಲ್ಲೇ, ಅಮೋನಿಯ ಹುಟ್ಟುವ ಜಾಗದಲ್ಲೇ. ಉಸಿರಿನ ನಾಳದ ಒಳಗೋಡೆಯಲ್ಲಿ ಧೂಳು ಮತ್ತು ರೋಗಾಣುಗಳನ್ನು ಹೊರಕ್ಕೆ ದೂಡುವ ಸೂಕ್ಷ್ಮ ರೋಮಗಳಿರುತ್ತವೆ. ಅಮೋನಿಯ ಅವುಗಳನ್ನು ಹಾಳು ಮಾಡುತ್ತದೆ. ಆಮೇಲೆ ಮೊಲಗಳಲ್ಲಿ ಪಾಶ್ಚುರೆಲ್ಲಾ ಸೋಂಕಿನ ನೆಗಡಿ, ಇಲಿಗಳಲ್ಲಿ ಮೈಕೋಪ್ಲಾಸ್ಮಾದ ಶ್ವಾಸಕೋಶದ ಕಾಯಿಲೆ ಸುಲಭವಾಗಿ ಬೇರೂರುತ್ತವೆ. ಮನುಷ್ಯರು ಎಂಟು ಗಂಟೆ ಕೆಲಸ ಮಾಡುವ ಜಾಗದಲ್ಲಿ ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗ ಅಮೋನಿಯ ಮೀರಬಾರದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ಪ್ರಾಣಿಗಳಿಗೆ ಪಾಳಿ ಮುಗಿಯುವುದಿಲ್ಲ, ಅವು ಇಪ್ಪತ್ತನಾಲ್ಕು ಗಂಟೆಯೂ ಅಲ್ಲೇ. ಹಾಗಾಗಿ ವಾಸನೆಯನ್ನು ಗ್ರಾಹಕರ ಸಮಸ್ಯೆ ಎಂದು ನೋಡುವುದನ್ನು ಬಿಡಿ. ಗ್ರಾಹಕ ಐದು ನಿಮಿಷ ಮೂಗು ಮುಚ್ಚಿಕೊಂಡು ಹೋಗುತ್ತಾನೆ.

“ಪ್ರಾಣಿಗಳಿದ್ದ ಮೇಲೆ ವಾಸನೆ ಇದ್ದೇ ಇರುತ್ತದೆ” ಎಂಬ ಮಾತನ್ನು ಅಂಗಡಿಯವರಿಂದ ತುಂಬಾ ಕೇಳಿದ್ದೇನೆ. ಅರ್ಧ ನಿಜ. ಆರೋಗ್ಯವಂತ ಮೊಲದ ಮೈಗೆ ಮೂಗು ಹಚ್ಚಿದರೆ ಒಣಹುಲ್ಲಿನ ವಾಸನೆ ಬಿಟ್ಟು ಬೇರೇನೂ ಇರುವುದಿಲ್ಲ. ಚೆನ್ನಾಗಿರುವ ಮೀನಿನ ತೊಟ್ಟಿ ಹಸಿ ಮಣ್ಣಿನ ಹಾಗೆ ಘಮ್ಮೆನ್ನುತ್ತದೆ. ನಾತ ಬರುವುದು ಪ್ರಾಣಿಯಿಂದಲ್ಲ. ಅದು ಬಿಟ್ಟದ್ದು ಕೊಳೆಯುವವರೆಗೆ ಅಲ್ಲೇ ಉಳಿದದ್ದರಿಂದ.

ಕೊಳೆಯುವುದು ಹೇಗೆ ಎಂದು ತಿಳಿದರೆ ಉಪಾಯದ ಅರ್ಧ ಕೆಲಸ ಮುಗಿಯಿತು. ತಾಜಾ ಮೂತ್ರದಲ್ಲಿ ಹೆಚ್ಚಾಗಿ ಇರುವುದು ಯೂರಿಯಾ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಹೊಟ್ಟಿನಲ್ಲಿ, ನೆಲದ ಬಿರುಕಿನಲ್ಲಿ ಇರುವ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯ ಮಾಡುತ್ತವೆ. ಅವಕ್ಕೆ ಬೇಕಾದದ್ದು ತೇವ, ಬೆಚ್ಚಗಿನ ಹವೆ ಮತ್ತು ಸಮಯ. ಮಲೆನಾಡಿನ ಮಳೆಗಾಲ ಮೊದಲನೆಯದನ್ನು ಧಾರಾಳವಾಗಿ ಕೊಡುತ್ತದೆ, ಮುಚ್ಚಿದ ಮಳಿಗೆ ಎರಡನೆಯದನ್ನು, ರಾತ್ರಿಯಿಡೀ ಇಳಿದ ಶಟರ್ ಮೂರನೆಯದನ್ನು. ಹಕ್ಕಿಗಳ ಹಿಕ್ಕೆಯ ಬಿಳಿ ಭಾಗ ಯೂರಿಕ್ ಆಮ್ಲ. ಒಣಗಿರುವಷ್ಟು ಕಾಲ ಅದು ಹೆಚ್ಚು ತಂಟೆ ಮಾಡುವುದಿಲ್ಲ, ಆದರೆ ನೀರಿನ ಬಟ್ಟಲು ಚೆಲ್ಲಿತೆಂದರೆ ಮರುದಿನವೇ ನಾರುತ್ತದೆ. ಮೊಲದ ಮೂತ್ರ ಮೊದಲೇ ಕ್ಷಾರೀಯ, ಆದ್ದರಿಂದ ಅದರಿಂದ ಅಮೋನಿಯ ಬಲು ಬೇಗ ಹಾರುತ್ತದೆ. ಟ್ರೇಯ ತಳದಲ್ಲಿ ಸುಣ್ಣದಂತೆ ಕಟ್ಟುವ ಬಿಳಿ ಪದರವೂ ಅದರದ್ದೇ, ಕ್ಯಾಲ್ಸಿಯಂ. ಸೋಪಿಗೆ ಅದು ಜಗ್ಗುವುದಿಲ್ಲ. ವಿನಿಗರ್ ಹಾಕಿ ಹದಿನೈದು ನಿಮಿಷ ಬಿಟ್ಟು ಉಜ್ಜಿದರೆ ಬಿಡುತ್ತದೆ. ಬೆಕ್ಕಿನ ಮೂತ್ರದ ಕಥೆಯೇ ಬೇರೆ. ಅದರಲ್ಲಿ ಫೆಲಿನಿನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲವಿದೆ, ಬೀಜ ತೆಗೆಯದ ಗಂಡು ಬೆಕ್ಕಿನಲ್ಲಿ ಅತಿ ಹೆಚ್ಚು. ಮೂತ್ರ ಬಿದ್ದು ಹೊತ್ತು ಕಳೆದಂತೆ ಅದು ಒಡೆದು ಘಾಟು ಏರುತ್ತ ಹೋಗುತ್ತದೆ. ನಿಮ್ಮ ಜೋಡಿ ಪರ್ಷಿಯನ್ನಿನಲ್ಲಿ ಗಂಡಿಗೆ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ, ಮರಿ ಮಾಡಿಸುವ ಯೋಚನೆ ಬಿಟ್ಟು ಮಾಡಿಸಿಬಿಡಿ. ಒಂದೇ ಬೆಕ್ಕು ಇಡೀ ಮಳಿಗೆಯನ್ನು ಸೋಲಿಸಬಲ್ಲದು.

ಇನ್ನು ನೀವು ಈಗ ಮಾಡುತ್ತಿರುವುದನ್ನು ನೋಡೋಣ. ನೇರವಾಗಿಯೇ ಹೇಳುತ್ತೇನೆ: ನಿಮ್ಮ ಪಟ್ಟಿಯಲ್ಲಿರುವ ಬಹುಪಾಲು ಉಪಾಯಗಳು ವಾಸನೆಗಿಂತ ಪ್ರಾಣಿಗಳಿಗೇ ಹೆಚ್ಚು ಅಪಾಯಕಾರಿ.

ನುಸಿಗುಳಿಗೆಯನ್ನು ಇವತ್ತೇ ತೆಗೆದುಹಾಕಿ. ನ್ಯಾಫ್ತಲೀನ್ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಅದರ ಆವಿ ಹಕ್ಕಿಗಳಿಗೂ ಒಳ್ಳೆಯದಲ್ಲ. ಮರಿಗಳು ಅದನ್ನು ಕಚ್ಚಿ ನುಂಗಿದರಂತೂ ಕೇಳುವುದೇ ಬೇಡ. ಫಿನಾಯಿಲಿನಲ್ಲಿ ಕಪ್ಪು ಬಗೆಯದು ಕಲ್ಲಿದ್ದಲ ಟಾರಿನ ಫೀನಾಲುಗಳಿಂದ ಆದದ್ದು, ಬಿಳಿ ಬಗೆಯದು ಹೆಚ್ಚಾಗಿ ಪೈನ್ ಎಣ್ಣೆಯದು. ಬೆಕ್ಕಿನ ಯಕೃತ್ತಿಗೆ ಇಂಥವನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಸಾಕು, ದಿನದಿನವೂ ಸ್ವಲ್ಪ ಸ್ವಲ್ಪ ವಿಷ ಒಳಗೆ ಹೋಗುತ್ತದೆ. ಅಷ್ಟೆಲ್ಲ ಮಾಡಿಯೂ ಫಿನಾಯಿಲ್ ನಾಯಿಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಸ್ಸನ್ನು ಕೊಲ್ಲುವುದಿಲ್ಲ.

ಊದುಬತ್ತಿ, ಸಾಂಬ್ರಾಣಿ ಹೊಗೆ, ಕರ್ಪೂರ, ಸ್ಪ್ರೇ ಎಲ್ಲವೂ ಹಕ್ಕಿಗಳಿರುವ ಜಾಗದಲ್ಲಿ ಬೇಡ. ಹಕ್ಕಿಯ ಉಸಿರಾಟ ನಮ್ಮದರ ಹಾಗಲ್ಲ. ಮೈಯೊಳಗಿನ ಗಾಳಿಚೀಲಗಳ ನೆರವಿನಿಂದ, ಒಳಗೆಳೆದಾಗಲೂ ಹೊರಬಿಟ್ಟಾಗಲೂ ಅದರ ಶ್ವಾಸಕೋಶದಲ್ಲಿ ಗಾಳಿ ಹರಿಯುತ್ತಲೇ ಇರುತ್ತದೆ. ಆಮ್ಲಜನಕವನ್ನು ಅಷ್ಟು ಚೆನ್ನಾಗಿ ಹೀರುವ ಅಂಗ ಹೊಗೆಯನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಗಣಪತಿ ಪಟಕ್ಕೆ ಬೆಳಗ್ಗೆ ಊದುಬತ್ತಿ ಹಚ್ಚಲೇಬೇಕು ಅನ್ನಿಸಿದರೆ ಶಟರಿನ ಹೊರಗೆ ಹಚ್ಚಿ, ದೇವರೇನೂ ಕೋಪಿಸಿಕೊಳ್ಳುವುದಿಲ್ಲ. ಹಾಗಾಗಿ “ಒಳ್ಳೆಯ ಸುಗಂಧ ಯಾವುದು” ಎಂಬ ಪ್ರಶ್ನೆಗೆ ನನ್ನ ಉತ್ತರ: ಯಾವುದೂ ಇಲ್ಲ. ನೈಸರ್ಗಿಕ ಎಂದು ಮಾರುವ ಟೀ ಟ್ರೀ ಎಣ್ಣೆ ಬೆಕ್ಕು ನಾಯಿಗಳಿಗೆ ವಿಷವೇ.

ಎ.ಸಿ. ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆ. ಹೊರಗಿನಿಂದ ಹೊಸ ಗಾಳಿ ತರುವುದಿಲ್ಲ. ಎ.ಸಿ. ಹಾಕಿಸಿದ ಮೇಲೆ ತಂಪು ಹೋಗಬಾರದೆಂದು ಗಾಜಿನ ಬಾಗಿಲನ್ನೂ ಕೂರಿಸಿದ್ದರೆ, ಇದ್ದ ಒಂದು ದಾರಿಯನ್ನೂ ಮುಚ್ಚಿದಂತಾಯಿತು.

ಸುಣ್ಣ ಮತ್ತು ಅಡುಗೆ ಸೋಡಾವನ್ನು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಮೋನಿಯ ಸ್ವತಃ ಕ್ಷಾರ. ಅದರ ಮೇಲೆ ಇನ್ನೊಂದು ಕ್ಷಾರ ಸುರಿದರೆ ಅದು ಅಡಗುವುದಿಲ್ಲ. ಒದ್ದೆ ಹೊಟ್ಟಿಗೆ ಸುಣ್ಣ ಎರಚಿದರೆ ಹಿಡಿದಿಟ್ಟಿದ್ದ ಅಮೋನಿಯವೂ ಒಮ್ಮೆಲೇ ಹಾರುತ್ತದೆ. ಸೋಡಾ ಹುಳಿ ವಾಸನೆಗೆ ಸ್ವಲ್ಪ ಉಪಯೋಗ, ಮೂತ್ರದ ಘಾಟಿಗೆ ಅಲ್ಲ.

ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಬೆರೆಸುವ ಸಲಹೆ ಕೊಟ್ಟವರ ಮಾತನ್ನು ದಯವಿಟ್ಟು ಮತ್ತೆ ಕೇಳಬೇಡಿ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಗಾಳಿಯಾಡದ ನಿಮ್ಮ ಮಳಿಗೆಯಲ್ಲಿ ಅದು ಮೊದಲು ಹಕ್ಕಿಗಳನ್ನು, ಆಮೇಲೆ ತೊಳೆಯುವ ಹುಡುಗನನ್ನು ಹಿಡಿಯುತ್ತದೆ. ಆಸಿಡ್ ಇಲ್ಲದೆಯೂ, ಮೂತ್ರ ನಿಂತ ಜಾಗಕ್ಕೆ ನೇರವಾಗಿ ಬ್ಲೀಚ್ ಸುರಿದರೆ ಕ್ಲೋರಮಿನ್ ಎಂಬ ಉರಿ ಅನಿಲ ಏಳುತ್ತದೆ. ಬ್ಲೀಚಿಗೆ ಒಂದು ಸರಿಯಾದ ಜಾಗವಿದೆ: ನಾಯಿಮರಿಗಳ ಪಂಜರ ಖಾಲಿಯಾದಾಗ. ಮೊದಲು ಸೋಪುನೀರಿನಲ್ಲಿ ಉಜ್ಜಿ ಕೊಳೆಯೆಲ್ಲ ತೆಗೆದು, ಜಾಲಿಸಿ, ಆಮೇಲೆ ಶೇಕಡ ಐದರಷ್ಟಿರುವ ಹೈಪೋಕ್ಲೋರೈಟ್ ದ್ರಾವಣದ, ಅಂದರೆ ದ್ರವ ಬ್ಲೀಚಿನ, ಒಂದು ಪಾಲಿಗೆ ಮೂವತ್ತು ಪಾಲು ನೀರು ಸೇರಿಸಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು, ಮತ್ತೆ ತೊಳೆಯಬೇಕು. ಪಾರ್ವೊ ಸಾಯುವುದು ಹೀಗೆ. ಪಂಜರವನ್ನು ಹೊರಗೆ ತಂದು ಈ ಕೆಲಸ ಮಾಡಿ.

ಓಝೋನ್ ಯಂತ್ರ ವಾಸನೆ ತೆಗೆಯುವುದೇನೋ ನಿಜ. ಆದರೆ ವಾಸನೆ ತೆಗೆಯುವಷ್ಟು ಓಝೋನ್ ಇರುವ ಕೋಣೆಯಲ್ಲಿ ಉಸಿರಿರುವ ಯಾವುದೂ ಇರಬಾರದು. ನಿಮ್ಮ ಅಂಗಡಿ ಯಾವತ್ತಾದರೂ ಖಾಲಿ ಇರುತ್ತದೆಯೇ? ಇಲ್ಲವಲ್ಲ. ದುಡ್ಡು ಉಳಿಸಿ, ಅದು ಗಾಳಿಗೆ ಬೇಕಾಗುತ್ತದೆ.

ಗಾಳಿಯ ಲೆಕ್ಕ ಇಷ್ಟು. ಪ್ರಾಣಿಗಳನ್ನು ಇಡುವ ಕೋಣೆಯ ಗಾಳಿ ಗಂಟೆಗೆ ಹತ್ತರಿಂದ ಹದಿನೈದು ಬಾರಿ ಪೂರ್ತಿ ಬದಲಾಗಬೇಕು ಎಂಬುದು ಪ್ರಯೋಗಾಲಯಗಳ ಪ್ರಾಣಿಗೃಹಗಳಲ್ಲಿ ಬಹುಕಾಲದಿಂದ ಪಾಲಿಸುವ ಅಳತೆ. ನಿಮ್ಮ ಮಳಿಗೆಯ ಎತ್ತರ ಹತ್ತು ಅಡಿ ಎಂದಿಟ್ಟುಕೊಂಡರೆ ಒಟ್ಟು 2,200 ಘನ ಅಡಿ. ಹತ್ತು ಬಾರಿ ಎಂದರೆ ಗಂಟೆಗೆ 22,000 ಘನ ಅಡಿ, ಸುಮಾರು 620 ಘನ ಮೀಟರ್. ಎಕ್ಸಾಸ್ಟ್ ಫ್ಯಾನಿನ ಪೆಟ್ಟಿಗೆಯ ಮೇಲೆ ಅದು ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಬರೆದಿರುತ್ತದೆ. ಜಾಲರಿ, ಕೊಳವೆ, ಧೂಳು ಸೇರಿ ಅದರಲ್ಲಿ ಒಂದಷ್ಟು ಕಡಿತವಾಗುವುದರಿಂದ 900ಕ್ಕಿಂತ ಕಡಿಮೆ ಇರುವುದನ್ನು ಕೊಳ್ಳಬೇಡಿ. 45 ವ್ಯಾಟಿನ ಫ್ಯಾನ್ ಹಗಲು ರಾತ್ರಿ ಓಡಿದರೂ ದಿನಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ ಅಷ್ಟೇ.

ಫ್ಯಾನ್ ಹಿಂದಿನ ಗೋಡೆಯಲ್ಲಿರಬೇಕು. ಹೊಸ ಗಾಳಿ ಮುಂದಿನಿಂದ ಬಂದು ಇಡೀ ಮಳಿಗೆಯನ್ನು ದಾಟಿ ಹಿಂದೆ ಹೋಗಬೇಕು. ಬಾಗಿಲ ಮೇಲೆಯೇ ಕೂರಿಸಿದರೆ ಬಾಗಿಲಿನಿಂದ ಬಂದ ಗಾಳಿಯನ್ನೇ ಎಳೆದು ಹೊರಹಾಕುತ್ತದೆ, ಒಳಗಿನದು ಒಳಗೇ. ಬೆಕ್ಕು ಮತ್ತು ಮೊಲ ಫ್ಯಾನಿನ ಹತ್ತಿರ, ಹಕ್ಕಿಗಳು ಗಾಳಿ ಬರುವ ಮುಂಭಾಗದಲ್ಲಿ ಇರಲಿ. ಆದರೆ ರಸ್ತೆಯ ತಣ್ಣನೆಯ ಗಾಳಿ ಹಕ್ಕಿಯ ಮೈಗೆ ನೇರವಾಗಿ ಬಡಿಯಬಾರದು. ರಾತ್ರಿಯ ವ್ಯವಸ್ಥೆಯನ್ನು ಮರೆಯಬೇಡಿ: ಶಟರ್ ಪೂರ್ತಿ ಇಳಿದರೆ ಫ್ಯಾನ್ ಓಡಿಯೂ ಪ್ರಯೋಜನವಿಲ್ಲ, ಎಳೆಯಲು ಗಾಳಿಯೇ ಇರುವುದಿಲ್ಲ. ರಂಧ್ರಗಳಿರುವ ಶಟರ್ ಮಾಡಿಸಿ, ಅಥವಾ ಮೇಲ್ಭಾಗದಲ್ಲಿ ಜಾಲರಿ ಬಿಡಿಸಿ. ಇಲಿ ಹೆಗ್ಗಣ ನುಗ್ಗದಷ್ಟು ಸಣ್ಣ ಕಣ್ಣಿನದು. ಇದರಲ್ಲೊಂದು ಅಪಾಯವಿದೆ. ಹೊರಬಿಟ್ಟ ಗಾಳಿ ಬೇಕರಿಯ ಹಿಂಬಾಗಿಲಿಗೆ ಬಡಿದರೆ ನಿಮ್ಮ ಜಗಳ ಇಮ್ಮಡಿಯಾಗುತ್ತದೆ. ಪಿ.ವಿ.ಸಿ. ಕೊಳವೆ ಹಾಕಿ ಚಾವಣಿಯಿಂದ ಮೇಲಕ್ಕೆ ಒಯ್ಯಿರಿ, ಕಟ್ಟಡದ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ.

ಗಾಳಿಯಷ್ಟೇ ಮುಖ್ಯವಾದದ್ದು ಒದ್ದೆಯನ್ನು ಒಳಗೆ ಉಳಿಸದಿರುವುದು. ಹಕ್ಕಿಗಳ ತಟ್ಟೆಗೆ ಹಳೆ ಪತ್ರಿಕೆ ಹಾಸಿ ದಿನವೂ ಬದಲಿಸಿ. ಅದಕ್ಕಿಂತ ಅಗ್ಗದ ಮತ್ತು ಉತ್ತಮ ಉಪಾಯ ನನಗೆ ಗೊತ್ತಿಲ್ಲ. ಮೊಲಗಳಿಗೆ ಗಿರಣಿಯ ಭತ್ತದ ಹೊಟ್ಟು ನಿಮ್ಮೂರಿನಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದು ನೀರು ಹೀರುವುದು ಕಡಿಮೆ, ಧೂಳು ಜಾಸ್ತಿ. ಸಾಮಿಲ್ಲಿನ ಮರದ ಪುಡಿಯೂ ಧೂಳೇ, ಜೊತೆಗೆ ಮರಕ್ಕೆ ಏನು ಔಷಧ ಹೊಡೆದಿದ್ದರೋ ತಿಳಿಯದು. ಕಾಗದದ ಚೂರು ಅಥವಾ ಧೂಳು ಸೋಸಿದ ತೆಂಗಿನ ನಾರಿನ ಹುಡಿ ವಾಸಿ. ಮೊಲ ಒಂದೇ ಮೂಲೆಯಲ್ಲಿ ಮೂತ್ರ ಮಾಡುವ ಪ್ರಾಣಿ. ಆ ಮೂಲೆಯಲ್ಲೊಂದು ಟ್ರೇ ಇಟ್ಟು ಅದನ್ನಷ್ಟೇ ದಿನಕ್ಕೆರಡು ಸಲ ತೆಗೆದರೆ ಹೊಟ್ಟಿನ ಖರ್ಚೂ ಇಳಿಯುತ್ತದೆ. ಇಲಿ ಮತ್ತು ಹ್ಯಾಮ್‌ಸ್ಟರ್ ವಿಷಯದಲ್ಲಿ ಅತಿ ಶುಚಿಯೇ ಮುಳುವು. ಗೂಡನ್ನು ಪೂರ್ತಿ ತೊಳೆದರೆ ತನ್ನ ಗುರುತು ಹೋಯಿತೆಂದು ಅದು ಎಲ್ಲೆಡೆ ಮತ್ತೆ ಮೂತ್ರ ಹಚ್ಚುತ್ತದೆ. ಒದ್ದೆಯಾದದ್ದನ್ನು ತೆಗೆದು, ಒಣಗಿದ ಹಳೆ ಹಾಸಿನಲ್ಲಿ ಒಂದು ಹಿಡಿ ಉಳಿಸಿ. ತೆಗೆದ ಕಸ ಕಟ್ಟಿದ ಚೀಲದಲ್ಲಿ ಅದೇ ದಿನ ಪಾಲಿಕೆಯ ಗಾಡಿಗೆ ಹೋಗಬೇಕು. ಹಿಂದಿನ ಮೂಲೆಯಲ್ಲಿ “ನಾಳೆ ಕೊಡೋಣ” ಎಂದು ಇಟ್ಟ ಚೀಲವೇ ಎಷ್ಟೋ ಅಂಗಡಿಗಳ ಅಸಲಿ ಅಪರಾಧಿ.

ನೆಲವನ್ನೂ ಪರೀಕ್ಷಿಸಿ. ಸಿಮೆಂಟ್ ನೆಲ ಮತ್ತು ಟೈಲ್ಸಿನ ಸಂದು ಮೂತ್ರವನ್ನು ಹೀರಿಕೊಳ್ಳುತ್ತವೆ, ಮೇಲೆ ಎಷ್ಟು ಒರೆಸಿದರೂ ಮಳೆಗಾಲದ ತೇವಕ್ಕೆ ಮತ್ತೆ ಹೊರಬರುತ್ತದೆ. ದೀಪವಾರಿಸಿ, ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚಿನಿಂದ ನೋಡಿದರೆ ಮೂತ್ರದ ಕಲೆಗಳು ಹೊಳೆಯುತ್ತವೆ. ಸೋಪಿನ ಕಲೆಯೂ ಹೊಳೆಯಬಹುದು, ಗೊಂದಲವಾದರೆ ಹತ್ತಿರ ಹೋಗಿ ಮೂಸಿ. ಅಂಥ ಜಾಗಗಳಿಗೆ ಮೂತ್ರದ ಕಲೆಯನ್ನು ಒಡೆಯುವ ಕಿಣ್ವ (ಎನ್‌ಜೈಮ್) ಇರುವ ದ್ರಾವಣ ಹಾಕಿ, ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು ಒದ್ದೆಯಾಗಿ ಬಿಡಿ. ಹಾಕಿದ ಕೂಡಲೇ ಒರೆಸಿದರೆ ಅಥವಾ ಅದಕ್ಕೆ ಮೊದಲು ಬ್ಲೀಚ್ ಬಳಸಿದರೆ ದುಡ್ಡು ದಂಡ. ಸಿಮೆಂಟ್ ನೆಲವಾದರೆ ಒಂದು ವಾರ ಪ್ರಾಣಿಗಳನ್ನು ಬೇರೆಡೆ ಇಟ್ಟು ಎಪಾಕ್ಸಿ ಲೇಪನ ಮಾಡಿಸುವುದು ಶಾಶ್ವತ ಪರಿಹಾರ. ಬಣ್ಣದ ವಾಸನೆ ಪೂರ್ತಿ ಆರುವ ಮೊದಲು ಹಕ್ಕಿಗಳನ್ನಂತೂ ವಾಪಸು ತರಬೇಡಿ.

ಪ್ರಾಣಿಗಳ ತಲೆಗೆ ಕಟ್ಟುವ ವಾಸನೆ ಕೆಲವೊಮ್ಮೆ ಅವುಗಳದ್ದೇ ಅಲ್ಲ. ಬಿಡಿಯಾಗಿ ಮಾರಲು ಬಾಯಿ ತೆರೆದಿಟ್ಟ ನಾಯಿ ಆಹಾರದ ಚೀಲದಲ್ಲಿ ಕೊಬ್ಬು ಕಮಟು ಹಿಡಿದಿರುತ್ತದೆ. ನೀರು ಹೋಗದೆ ಒಣಗಿದ ನಹಾನಿ ಟ್ರ್ಯಾಪಿನಿಂದ, ಅಂದರೆ ನೆಲದ ನೀರು ಹೋಗುವ ಕಿಂಡಿಯಿಂದ, ಚರಂಡಿಯ ಗಾಳಿ ಮೇಲೆ ಬರುತ್ತದೆ. ಒಂದು ತಂಬಿಗೆ ನೀರು ಹಾಕಿದರೆ ನಿಲ್ಲುತ್ತದೆ. ಮೀನಿನ ತೊಟ್ಟಿಯಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಜಲ್ಲಿಕಲ್ಲಿನ ತಳದಲ್ಲಿ ತಿನ್ನದ ಆಹಾರ ಕೊಳೆಯುತ್ತಿದೆ. ಅಂಗಡಿಯ ತೊಟ್ಟಿಗಳಿಗೆ ಜಲ್ಲಿಯೇ ಬೇಡ, ತಳ ಬರಿದಾಗಿರಲಿ. ವಾರಕ್ಕೆ ಕಾಲು ಭಾಗ ನೀರು ಬದಲಿಸಿ, ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿಯ ಕ್ಲೋರಿನ್ ನೀರಿಗೆ ಹಿಡಿದರೆ ಅಮೋನಿಯ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ.

ಕೆಲವು ವಾಸನೆ ರೋಗದ್ದು, ಅದನ್ನು ತೊಳೆಯಲು ಹೋಗಬಾರದು. ನಾಯಿಮರಿ ಊಟ ಬಿಟ್ಟು, ವಾಂತಿಯಾಗಿ, ರಕ್ತ ಬೆರೆತ ಭೇದಿ ಹೊಟ್ಟೆ ತೊಳಸುವಂತೆ ನಾರುತ್ತಿದ್ದರೆ ಪಾರ್ವೊ ಇರಬಹುದು. ಆ ಗಂಟೆಯೇ ಬೇರೆ ಮಾಡಿ ಪಶುವೈದ್ಯರಲ್ಲಿಗೆ ಒಯ್ಯಿರಿ. ಕಾಕಟೀಲನ್ನೂ ಇವತ್ತೇ ಬೇರೆ ಕೋಣೆಗೆ ಸಾಗಿಸಿ ತೋರಿಸಿ. ಸೀನುವುದಕ್ಕೆ ಅಮೋನಿಯ ಮತ್ತು ಊದುಬತ್ತಿಯ ಹೊಗೆಯೇ ಕಾರಣವಿರಬಹುದು. ಆದರೆ ಈ ಜಾತಿಯಲ್ಲಿ ಸಿಟ್ಟಕೋಸಿಸ್ ಎಂಬ ಸೋಂಕೂ ಇರುವುದುಂಟು, ಅದು ಒಣಹಿಕ್ಕೆಯ ಧೂಳಿನ ಮೂಲಕ ಮನುಷ್ಯರಿಗೆ ಬರುತ್ತದೆ. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ, ನೀರು ಚಿಮುಕಿಸಿ, ಮಾಸ್ಕ್ ಹಾಕಿ ತೆಗೆಯಿರಿ. ನಿಮಗಾಗಲಿ ಕೆಲಸದ ಹುಡುಗನಿಗಾಗಲಿ ಜ್ವರ, ತಲೆನೋವು, ಒಣಕೆಮ್ಮು ಬಂದರೆ ಹಕ್ಕಿಗಳ ನಡುವೆ ಕೆಲಸ ಮಾಡುವುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಔಷಧದ ಪುಡಿಯನ್ನು ನೀವೇ ಅಂದಾಜಿನಲ್ಲಿ ನೀರಿಗೆ ಬೆರೆಸುವ ಅಭ್ಯಾಸ ಬೇಡ.

ಪಾಲಿಕೆಯ ದೂರಿಗೆ ಹೆದರುವ ಮೊದಲು ನಿಮ್ಮ ಕಾಗದಪತ್ರ ನೋಡಿಕೊಳ್ಳಿ. ಸಾಕುಪ್ರಾಣಿ ಅಂಗಡಿಗಳ ಕುರಿತ ಕೇಂದ್ರದ 2018ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ಅದು ಇಲ್ಲದಿದ್ದರೆ ಬೇಕರಿಯವರ ದೂರು ವಾಸನೆಯ ಮಟ್ಟದಲ್ಲಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಅಹಿತದ ಮಾತು ಉಳಿಯುತ್ತದೆ. ಕಿಟಕಿಯಿಲ್ಲದ 220 ಚದರ ಅಡಿಯ ಮಳಿಗೆಗೆ ನಿಮ್ಮಲ್ಲಿರುವ ಪ್ರಾಣಿಗಳು ಹೆಚ್ಚಾದವು ಎಂದು ನನಗನ್ನಿಸುತ್ತದೆ. ನನ್ನನ್ನು ಕೇಳಿದರೆ ಮೊದಲು ನಾಯಿಮರಿಗಳನ್ನು ಬಿಡಿ. ಲಸಿಕೆ ಮುಗಿಯದ ಮರಿಗಳನ್ನು ಇಷ್ಟು ಇಕ್ಕಟ್ಟಿನಲ್ಲಿ ಇಡುವುದು ಅವುಗಳಿಗೂ ಕೊಳ್ಳುವವರಿಗೂ ಅಪಾಯ. ಸತ್ತ ಒಂದು ಮರಿ ಅಂಗಡಿಗೆ ತರುವ ಕೆಟ್ಟ ಹೆಸರನ್ನು ವಾಸನೆಯೂ ತರುವುದಿಲ್ಲ. ಮೊಲಗಳಲ್ಲಿ ಗಂಡು ಹೆಣ್ಣನ್ನು ಬೇರೆ ಮಾಡಿ, ಇಲ್ಲದಿದ್ದರೆ ತಿಂಗಳು ಕಳೆಯುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. ಮಾರಾಟ ಇಳಿದೀತೆಂಬ ಚಿಂತೆ ನನಗೂ ಅರ್ಥವಾಗುತ್ತದೆ. ಆದರೆ ಆಹಾರ, ಪಂಜರ, ತೊಟ್ಟಿಯ ಸಾಮಾನುಗಳಿಗೆ ಆಸ್ಪತ್ರೆ ಖರ್ಚೂ ಇಲ್ಲ, ವಾಸನೆಯೂ ಇಲ್ಲ. ಫ್ಯಾನ್ ಕೂರಿಸಿ, ಹಾಸು ಬದಲಿಸುವ ಕ್ರಮ ನೆಲೆಗೊಂಡ ಮೇಲೆ, ಒಂದು ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಮೊಲದ ಪಂಜರದಲ್ಲಿ ಮತ್ತೆ ಪಿಎಚ್ ಕಾಗದ ಹಿಡಿಯಿರಿ. ಆಗಲೂ ಅದು ಹಸಿರಿಗೆ ತಿರುಗಿದರೆ ಇನ್ನೊಂದು ಫ್ಯಾನ್ ಕೊಳ್ಳಲು ಹೋಗಬೇಡಿ, ಪಂಜರಗಳ ಸಂಖ್ಯೆ ಇಳಿಸಿ.